ಒಂದೇ ಲೇಔಟ್, ಹಲವು ಸ್ಕ್ರೀನ್: ಎಲ್ಲಿಯವರೆಗೆ?

ಮಲ್ಲೇಶ್ವರದ ಒಂದು ಹಳೆಯ ಮನೆಗೆ ಏನೇನು ಬಿಲ್ ಬರುತ್ತದೆ ನೋಡಿ. ಬೆಸ್ಕಾಂನವರ ಕರೆಂಟ್ ಬಿಲ್ ತಿಂಗಳಿಗೊಮ್ಮೆ, ಜಲಮಂಡಳಿಯವರ ನೀರಿನ ಬಿಲ್ ತಿಂಗಳಿಗೊಮ್ಮೆ, ಆಸ್ತಿ ತೆರಿಗೆ ವರ್ಷಕ್ಕೊಮ್ಮೆ. ಈ ಮೂರನ್ನೂ ಮೊಬೈಲ್‌ನಲ್ಲೇ ಕಟ್ಟಲು ಒಂದು ಆ್ಯಪ್ ಮಾಡಬೇಕು ಎಂದಿಟ್ಟುಕೊಳ್ಳೋಣ. ಡಿಸೈನರ್ ಬರೆದು ಕೊಡುವ ಮೂರು ಸ್ಕ್ರೀನ್‌ಗಳಲ್ಲಿ ವ್ಯತ್ಯಾಸ ಹುಡುಕುವುದೇ ಕಷ್ಟ. ಮೇಲೆ ಹಿಂದಕ್ಕೆ ಹೋಗುವ ಬಾಣದ ಗುರುತಿರುವ ಶೀರ್ಷಿಕೆ ಪಟ್ಟಿ, ಅದರ ಕೆಳಗೆ ಖಾತೆ ಸಂಖ್ಯೆ ತುಂಬುವ ಜಾಗ, ಆಮೇಲೆ ಮೊತ್ತ, ಕಟ್ಟಕಡೆಗೆ ‘ಪಾವತಿಸಿ’ ಎಂಬ ಬಟನ್. ಕೋಡ್ ಬರೆಯುವವರ ಮುಂದೆ ಆಗ ಎರಡು ದಾರಿ. ಮೊದಲ ಸ್ಕ್ರೀನ್ ಬರೆದು ಅದನ್ನೇ ಎರಡು ಸಲ ಕಾಪಿ-ಪೇಸ್ಟ್ ಮಾಡಿ ಅಲ್ಲಲ್ಲಿ ತಿದ್ದಬಹುದು. ಇಲ್ಲವೇ ಒಂದೇ ಲೇಔಟ್ ಬರೆದು ಮೂರು ಕಡೆಗೂ ಅದನ್ನೇ ಬಳಸಬಹುದು.

ಕಾಲೇಜಿನಲ್ಲಿ ಕಲಿಸುವುದು ಎರಡನೆಯ ದಾರಿಯನ್ನು. ಬರೆದದ್ದನ್ನೇ ಮತ್ತೆ ಬರೆಯಬಾರದು ಎಂಬ ಪಾಠ ಅಲ್ಲಿಂದಲೇ ನಮ್ಮ ತಲೆಗೆ ಇಳಿದಿರುತ್ತದೆ. ಆದರೆ ಕೆಲಸಕ್ಕೆ ಸೇರಿ ಎರಡು ಮೂರು ವರ್ಷ ಒಂದೇ ಆ್ಯಪ್ ನೋಡಿಕೊಂಡವರನ್ನು ಕೇಳಿದರೆ, ಕಾಪಿ-ಪೇಸ್ಟ್‌ನಿಂದ ಪಟ್ಟ ಪಾಡಿನಷ್ಟೇ ಅತಿಯಾಗಿ ಹಂಚಿಕೊಂಡ ಲೇಔಟ್‌ನಿಂದ ಪಟ್ಟ ಪಾಡನ್ನೂ ಹೇಳುತ್ತಾರೆ. ಹಾಗಾದರೆ ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಸುಮಾರು ಹದಿನೇಳು ವರ್ಷಗಳಲ್ಲಿ ಮೊಬೈಲ್ ಲೋಕ ಇದಕ್ಕೆ ಕೊಟ್ಟ ಉತ್ತರಗಳು ಹಲವು. ಅವುಗಳನ್ನು ಒಂದೆಡೆ ಇಟ್ಟು ನೋಡುವುದು ಈ ಬರಹದ ಕೆಲಸ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಕಾರಣಕ್ಕೆ, ಒಂದೇ ಹೊತ್ತಿಗೆ ಬದಲಾಗುವ ಭಾಗಗಳನ್ನು ಹಂಚಿಕೊಳ್ಳಬೇಕು. ನೋಡಲು ಒಂದೇ ಥರ ಇವೆ ಎನ್ನುವುದಷ್ಟೇ ಸಾಲದು. ಮತ್ತು ನಮ್ಮ ಊರಿಗೆ ಆ್ಯಪ್ ಮಾಡುವವರು ಹಂಚಿಕೆಯ ಲೇಔಟನ್ನು ಪರೀಕ್ಷೆ ಮಾಡಬೇಕಾದದ್ದು ಕನ್ನಡದಲ್ಲಿ, ಇಂಗ್ಲಿಷಿನಲ್ಲಲ್ಲ.

ಆಂಡ್ರಾಯ್ಡ್ ಫೋನು 2008ರಲ್ಲಿ ಮಾರುಕಟ್ಟೆಗೆ ಬಂದಾಗ ಸ್ಕ್ರೀನ್‌ಗಳನ್ನು ಎಕ್ಸ್ಎಂಎಲ್ ಕಡತಗಳಲ್ಲಿ ಬರೆಯುತ್ತಿದ್ದರು. ಒಂದು ಕಡತದೊಳಗೆ ಇನ್ನೊಂದನ್ನು ತಂದು ಕೂರಿಸಲು ‘ಇನ್‌ಕ್ಲೂಡ್’ ಎಂಬ ಟ್ಯಾಗ್ ಇತ್ತು. ಶೀರ್ಷಿಕೆ ಪಟ್ಟಿಯನ್ನು ಒಂದು ಕಡತದಲ್ಲಿ ಬರೆದಿಟ್ಟು ಎಲ್ಲ ಸ್ಕ್ರೀನ್‌ಗಳಲ್ಲೂ ಒಂದು ಸಾಲಿನಲ್ಲಿ ಅದನ್ನು ಕರೆಯಬಹುದಿತ್ತು. ಹೀಗೆ ಸೇರಿಸುವಾಗ ನಡುವೆ ಬೇಡದ ಒಂದು ಪದರ ಉಳಿದುಬಿಡುತ್ತದೆಂದು ‘ಮರ್ಜ್’ ಬಂತು. ಬೇಕಾದಾಗ ಮಾತ್ರ ತೆರೆದುಕೊಳ್ಳುವ ಭಾಗಗಳಿಗೆ ‘ವ್ಯೂಸ್ಟಬ್’ ಬಂತು. ಇವು ಇಂದಿಗೂ ಸಾವಿರಾರು ಆ್ಯಪ್‌ಗಳಲ್ಲಿ ಜೀವಂತವಾಗಿವೆ, ಆದ್ದರಿಂದ ಇವುಗಳ ಒಳಸುಳಿ ತಿಳಿದಿರುವುದು ಒಳ್ಳೆಯದು. ಇನ್‌ಕ್ಲೂಡ್ ಟ್ಯಾಗ್‌ಗೆ ಹೊರಗಿನಿಂದ ಒಂದು ಮಾರ್ಜಿನ್ ಕೊಟ್ಟಿರುತ್ತೀರಿ, ಸ್ಕ್ರೀನ್ ಮೇಲೆ ಅದು ಕಾಣುವುದೇ ಇಲ್ಲ. ಕಾರಣ ಇಷ್ಟು: ಅಗಲ ಮತ್ತು ಎತ್ತರ ಎರಡನ್ನೂ ಆ ಟ್ಯಾಗ್‌ನಲ್ಲೇ ಮತ್ತೆ ಬರೆಯದಿದ್ದರೆ ಉಳಿದ ಲೇಔಟ್ ಗುಣಗಳನ್ನು ಆಂಡ್ರಾಯ್ಡ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ತೊಡಕು ಐಡಿಗಳದ್ದು. ಬಿಲ್‌ನ ಸಾರಾಂಶ ತೋರಿಸುವ ತುಣುಕನ್ನು ಒಂದೇ ಸ್ಕ್ರೀನಿನಲ್ಲಿ ಎರಡು ಸಲ ಸೇರಿಸಿದಿರಿ ಎನ್ನಿ, ಒಂದು ಕರೆಂಟಿಗೆ, ಇನ್ನೊಂದು ನೀರಿಗೆ. ‘ಮೊತ್ತ’ ಎಂಬ ಐಡಿ ಈಗ ಎರಡು ಕಡೆ ಇದೆ. ಹುಡುಕುವ ಕೋಡ್ ಮೊದಲು ಸಿಕ್ಕಿದ್ದನ್ನೇ ಹಿಡಿದು ತರುತ್ತದೆ. ನೀರಿನ ಮೊತ್ತ ಕರೆಂಟಿನ ಜಾಗದಲ್ಲಿ ಬಂದು ಕೂರುತ್ತದೆ, ನೀರಿನ ಜಾಗ ಖಾಲಿ ಉಳಿಯುತ್ತದೆ. ಪ್ರತಿ ಇನ್‌ಕ್ಲೂಡ್‌ಗೂ ಬೇರೆ ಐಡಿ ಕೊಟ್ಟು ಅದರ ಮೂಲಕವೇ ಒಳಗೆ ಹೋಗುವುದು ಇದಕ್ಕೆ ಪರಿಹಾರ. 2020ರಲ್ಲಿ ಬಂದ ‘ವ್ಯೂ ಬೈಂಡಿಂಗ್’ ಎಂಬ ಸೌಲಭ್ಯ ಈ ಶಿಸ್ತನ್ನು ಸುಲಭ ಮಾಡಿತು.

ಇನ್‌ಕ್ಲೂಡ್ ನೋಟವನ್ನು ಮಾತ್ರ ಹಂಚುತ್ತದೆ, ನಡವಳಿಕೆಯನ್ನು ಹಂಚುವುದಿಲ್ಲ. ಬಾಣ ಒತ್ತಿದರೆ ಹಿಂದೆ ಹೋಗಬೇಕು, ಇಂಟರ್ನೆಟ್ ಹೋದರೆ ಮೇಲೊಂದು ಪಟ್ಟಿ ಮೂಡಬೇಕು ಎಂಬಂಥವನ್ನು ಎಲ್ಲಿ ಬರೆಯುವುದು? ಅಂದಿನ ಬಹುತೇಕ ಟೀಮ್‌ಗಳು ಕಂಡುಕೊಂಡ ಉತ್ತರ ‘ಬೇಸ್ ಆಕ್ಟಿವಿಟಿ’. ಎಲ್ಲ ಸ್ಕ್ರೀನ್‌ಗಳಿಗೂ ಒಬ್ಬ ಮೂಲಪುರುಷ. ಅವನಲ್ಲಿ ಚೌಕಟ್ಟು ಇರುತ್ತದೆ, ಮಕ್ಕಳು ಒಳಗಿನದನ್ನು ಮಾತ್ರ ತುಂಬಿಕೊಳ್ಳುತ್ತಾರೆ. ಮೊದಲ ಆರು ತಿಂಗಳು ಇದು ಬಹಳ ಚೆನ್ನಾಗಿರುತ್ತದೆ. ಆಮೇಲೆ ಒಂದು ಸ್ಕ್ರೀನ್‌ಗೆ ಶೀರ್ಷಿಕೆ ಪಟ್ಟಿ ಬೇಡವೆನಿಸುತ್ತದೆ, ಇನ್ನೊಂದಕ್ಕೆ ಎರಡು ಬಟನ್ ಬೇಕಾಗುತ್ತದೆ, ಮತ್ತೊಂದರಲ್ಲಿ ಬಾಣ ಒತ್ತಿದಾಗ ‘ನಿಜವಾಗಿಯೂ ಹೊರಹೋಗುವಿರಾ’ ಎಂದು ಕೇಳಬೇಕಾಗುತ್ತದೆ. ಪ್ರತಿಯೊಂದಕ್ಕೂ ಮೂಲದಲ್ಲೊಂದು ‘ಹೀಗಿದ್ದರೆ’ ಸೇರುತ್ತದೆ. ಕೊನೆಗೆ ಆ ಒಂದು ಕಡತ ಮುಟ್ಟಲು ಯಾರಿಗೂ ಧೈರ್ಯವಿರುವುದಿಲ್ಲ, ಏಕೆಂದರೆ ಅದು ಮುರಿದರೆ ಆ್ಯಪ್‌ನ ಎಲ್ಲ ಸ್ಕ್ರೀನ್‌ಗಳೂ ಒಟ್ಟಿಗೆ ಮುರಿಯುತ್ತವೆ. ವಂಶಪರಂಪರೆಯಿಂದ ಲೇಔಟ್ ಹಂಚುವ ಈ ಕ್ರಮವನ್ನು ಈಗ ಯಾರೂ ಹೊಸದಾಗಿ ಆಯ್ದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಪಲ್‌ನವರು ಈ ವಿಷಯದಲ್ಲಿ ಮೊದಲಿನಿಂದಲೂ ಬೇರೆ ದಾರಿ ಹಿಡಿದಿದ್ದರು, ಅದು ಜಾಣ ದಾರಿಯೇ. ಐಫೋನಿನಲ್ಲಿ ಮೇಲಿನ ಪಟ್ಟಿ ಯಾವ ಸ್ಕ್ರೀನಿನ ಸ್ವತ್ತೂ ಅಲ್ಲ. ಅದು ಹೊರಗಿನ ನ್ಯಾವಿಗೇಷನ್ ಕಂಟ್ರೋಲರ್‌ನದ್ದು. ಒಳಗಿನ ಸ್ಕ್ರೀನ್ ತನ್ನ ಶೀರ್ಷಿಕೆ ಏನು, ಬಲಗಡೆ ಯಾವ ಬಟನ್ ಬೇಕು ಎಂದು ಹೇಳಿ ಸುಮ್ಮನಾಗುತ್ತದೆ. ಪಟ್ಟಿಯ ಎತ್ತರ, ಬಣ್ಣ, ಬಾಣ, ಜಾರುವ ಬಗೆ ಎಲ್ಲವೂ ಹೊರಗಿನವನ ಜವಾಬ್ದಾರಿ. ಹಂಚಿಕೆಯ ಭಾಗ ಮೇಲಿರಬೇಕು, ಸ್ಕ್ರೀನ್ ಅದಕ್ಕೆ ಸಣ್ಣದೊಂದು ಮಾಹಿತಿ ಕೊಡಬೇಕು, ಅದರ ಒಳಗೆ ಕೈ ಹಾಕಬಾರದು ಎಂಬ ಸೂತ್ರ ಇದರಲ್ಲಿದೆ. ಆಂಡ್ರಾಯ್ಡ್ 3.0 ಜೊತೆ 2011ರಲ್ಲಿ ಬಂದ ‘ಫ್ರಾಗ್ಮೆಂಟ್’ ಕೂಡ ಇದೇ ದಿಕ್ಕಿನ ಪ್ರಯತ್ನ. ಟ್ಯಾಬ್ಲೆಟ್‌ನ ದೊಡ್ಡ ಪರದೆಯಲ್ಲಿ ಎರಡು ಸ್ಕ್ರೀನ್‌ಗಳನ್ನು ಪಕ್ಕಪಕ್ಕ ಇಡಲೆಂದು ಹುಟ್ಟಿದ್ದು, ಆಮೇಲೆ ಒಂದೇ ಆಕ್ಟಿವಿಟಿಯೊಳಗೆ ಎಲ್ಲ ಸ್ಕ್ರೀನ್ ಬದಲಿಸುವ ಪದ್ಧತಿಗೆ ಅಡಿಪಾಯವಾಯಿತು. 2018ರ ಹೊತ್ತಿಗೆ ಗೂಗಲ್ ಆ ಪದ್ಧತಿಯನ್ನೇ ಶಿಫಾರಸು ಮಾಡಿತು. ಫ್ರಾಗ್ಮೆಂಟ್‌ನ ಹುಟ್ಟು-ಸಾವಿನ ಲೆಕ್ಕ ಇಟ್ಟು ಹೈರಾಣಾದವರ ಕಥೆ ಬೇರೆಯೇ ಇದೆ, ಅದು ಇಲ್ಲಿ ಬೇಡ.

ನಿಜವಾದ ತಿರುವು ಬಂದದ್ದು ಕಾಂಪೊನೆಂಟ್‌ಗಳಿಂದ. ರಿಯಾಕ್ಟ್ ನೇಟಿವ್ 2015ರಲ್ಲಿ, ಫ್ಲಟರ್‌ನ ಮೊದಲ ಪಕ್ವ ಆವೃತ್ತಿ 2018ರ ಡಿಸೆಂಬರಿನಲ್ಲಿ, ಸ್ವಿಫ್ಟ್‌ಯುಐ 2019ರಲ್ಲಿ, ಜೆಟ್‌ಪ್ಯಾಕ್ ಕಂಪೋಸ್ 1.0 2021ರ ಜುಲೈನಲ್ಲಿ ಬಂದವು. ನಾಲ್ಕೂ ಒಂದೇ ಮಾತನ್ನು ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತವೆ: ಲೇಔಟ್ ಎಂದರೆ ಕಡತವಲ್ಲ, ಒಂದು ಫಂಕ್ಷನ್. ಅದಕ್ಕೆ ಸಂಖ್ಯೆ, ಪದಗಳನ್ನು ಕೊಡುವಂತೆಯೇ ಇನ್ನೊಂದು ಲೇಔಟನ್ನೂ ಕೊಡಬಹುದು. ಕಂಪೋಸ್‌ನವರು ಹೀಗೆ ತುಂಬಿಸಿಕೊಳ್ಳುವ ಜಾಗವನ್ನು ‘ಸ್ಲಾಟ್’ ಎನ್ನುತ್ತಾರೆ. ‘ಸ್ಕಾಫೋಲ್ಡ್’ ಎಂಬ ಸಿದ್ಧ ಚೌಕಟ್ಟಿನಲ್ಲಿ ಮೇಲಿನ ಪಟ್ಟಿಗೊಂದು, ಕೆಳಗಿನ ಪಟ್ಟಿಗೊಂದು, ತೇಲುವ ಬಟನ್‌ಗೊಂದು, ನಡುವಿನ ವಿಷಯಕ್ಕೊಂದು ಸ್ಲಾಟ್. ಬೇಸ್ ಆಕ್ಟಿವಿಟಿಯಲ್ಲಿ ಗುಡ್ಡೆ ಬೀಳುತ್ತಿದ್ದ ‘ಹೀಗಿದ್ದರೆ’ಗಳಿಗೆ ಇಲ್ಲಿ ಅವಕಾಶವೇ ಇಲ್ಲ. ಎರಡು ಬಟನ್ ಬೇಕಾದ ಸ್ಕ್ರೀನ್ ಎರಡು ಬಟನ್‌ಗಳನ್ನೇ ತಂದು ಸ್ಲಾಟ್‌ನಲ್ಲಿಡುತ್ತದೆ, ಚೌಕಟ್ಟು ಅದನ್ನು ಪ್ರಶ್ನಿಸುವುದಿಲ್ಲ.

ಇದರಲ್ಲೂ ಹತ್ತಿರದಿಂದ ನೋಡಬೇಕಾದ ಒಂದು ಸಂಗತಿ ಇದೆ. ಸ್ಕಾಫೋಲ್ಡ್ ನಡುವಿನ ವಿಷಯವನ್ನು ಕರೆಯುವಾಗ ಅದರ ಕೈಗೊಂದು ಪ್ಯಾಡಿಂಗ್ ಅಳತೆ ಕೊಡುತ್ತದೆ. ಮೇಲಿನ ಪಟ್ಟಿ ಇಷ್ಟು ಜಾಗ ತಿಂದಿದೆ, ಕೆಳಗಿನದು ಇಷ್ಟು, ನೀನು ಇದರೊಳಗೆ ಇರು ಎಂದು. ಹೊಸಬರು ಆ ಅಳತೆಯನ್ನು ಬಳಸುವುದನ್ನೇ ಮರೆಯುತ್ತಾರೆ. ಆಗ ಬಿಲ್‌ಗಳ ಪಟ್ಟಿಯ ಕೊನೆಯ ಸಾಲು ಕೆಳಗಿನ ಪಟ್ಟಿಯ ಹಿಂದೆ ಸೇರಿಕೊಂಡು ಕಾಣದೇ ಹೋಗುತ್ತದೆ. ಈ ತಪ್ಪು ಎಷ್ಟು ಸಾಮಾನ್ಯವೆಂದರೆ ಕಂಪೋಸ್‌ನಲ್ಲಿ ಇದಕ್ಕೆಂದೇ ಒಂದು ಎಚ್ಚರಿಕೆಯ ಲಿಂಟ್ ನಿಯಮ ಇದೆ. ಚೌಕಟ್ಟು ಮತ್ತು ಒಳವಿಷಯದ ನಡುವೆ ಒಂದು ಒಪ್ಪಂದ ಇರುತ್ತದೆ, ಅದನ್ನು ಎರಡೂ ಕಡೆಯವರು ಪಾಲಿಸಬೇಕು. ಸ್ಲಾಟ್ ಕೊಟ್ಟ ಮಾತ್ರಕ್ಕೆ ಅದು ತಾನಾಗಿ ಆಗುವುದಿಲ್ಲ.

ಚೌಕಟ್ಟು ಒಂದೇ ಕಡೆ ಇದ್ದರೆ ಏನು ಲಾಭ ಎಂಬುದನ್ನು ಆಂಡ್ರಾಯ್ಡ್ 15 ಎಲ್ಲರಿಗೂ ತೋರಿಸಿಕೊಟ್ಟಿತು. ಆ ಆವೃತ್ತಿಗೆ ಹೊಂದಿಸಿದ ಆ್ಯಪ್‌ಗಳು ಪರದೆಯ ಅಂಚಿನಿಂದ ಅಂಚಿಗೆ ಹರಡಿಕೊಳ್ಳಲೇಬೇಕು ಎಂದು ಗೂಗಲ್ ಕಡ್ಡಾಯ ಮಾಡಿತು. ಗಡಿಯಾರ, ಬ್ಯಾಟರಿ ಕಾಣುವ ಮೇಲಿನ ಸಾಲಿನ ಹಿಂದಕ್ಕೂ ಆ್ಯಪ್‌ನ ಬಣ್ಣ ಹೋಗುತ್ತದೆ. ಜಾಗ ಬಿಡುವ ಲೆಕ್ಕ ಆ್ಯಪ್‌ನದ್ದೇ. 2025ರ ಆಗಸ್ಟ್ ಕೊನೆಯಿಂದ ಪ್ಲೇ ಸ್ಟೋರ್‌ಗೆ ಹಾಕುವ ಹೊಸ ಆ್ಯಪ್‌ಗಳೂ ಹಳೆಯವುಗಳ ಅಪ್‌ಡೇಟ್‌ಗಳೂ ಈ ಮಟ್ಟಕ್ಕೆ ಬರಬೇಕಾಯಿತು. ಒಂದೇ ಚೌಕಟ್ಟಿನಲ್ಲಿ ಎಲ್ಲ ಸ್ಕ್ರೀನ್ ಇಟ್ಟಿದ್ದವರು ಒಂದು ಕಡೆ ತಿದ್ದಿದರು. ಶೀರ್ಷಿಕೆ ಪಟ್ಟಿಯನ್ನು ಪ್ರತಿ ಸ್ಕ್ರೀನಿಗೂ ಪ್ರತ್ಯೇಕವಾಗಿ ಅಂಟಿಸಿಕೊಂಡಿದ್ದವರು ಒಂದೊಂದನ್ನೂ ತೆರೆದು, ಪಟ್ಟಿ ಗಡಿಯಾರದ ಮೇಲೆ ಬಿದ್ದಿದೆಯೇ ಎಂದು ನೋಡುತ್ತಾ ಹೋಗಬೇಕಾಯಿತು. ಇಲ್ಲಿ ಬದಲಾವಣೆಯ ಕಾರಣ ಒಂದೇ, ಅದು ಎಲ್ಲ ಸ್ಕ್ರೀನ್‌ಗಳಿಗೂ ಒಂದೇ ಹೊತ್ತಿಗೆ ಬಂತು. ಚೌಕಟ್ಟನ್ನು ಹಂಚಿಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಈಗ ಮೊದಲಿನ ಮೂರು ಬಿಲ್‌ಗಳಿಗೆ ಬರೋಣ. ಚೌಕಟ್ಟು ಸರಿ, ಒಳಗಿನ ‘ಸಂಖ್ಯೆ, ಮೊತ್ತ, ಪಾವತಿಸಿ’ ಎಂಬ ಭಾಗವನ್ನೂ ಹಂಚಿಕೊಳ್ಳಬಹುದೇ? ನೋಡಿದರೆ ಹೌದು ಎನಿಸುತ್ತದೆ. ಆದರೆ 2023ರಲ್ಲಿ ಮನೆಗಳ ಕರೆಂಟಿಗೆ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂತು. ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಉಚಿತ, ಪ್ರತಿ ಮನೆಯ ಮಿತಿ ಮಾತ್ರ, ಆರಂಭದ ನಿಯಮದಂತೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದ್ದಾಗಿತ್ತು. ಆ ಮಿತಿಯೊಳಗಿದ್ದರೆ ಶೂನ್ಯ ಬಿಲ್, ಮಿತಿ ದಾಟಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್‌ಗಳಿಗೆ ಹಣ, 200 ದಾಟಿದರೆ ಪೂರ್ತಿ ಬಿಲ್. ಈಗ ‘ಮೊತ್ತ ₹0’ ಎಂದು ತೋರಿಸಿ ಅದರ ಕೆಳಗೆ ‘ಪಾವತಿಸಿ’ ಎಂಬ ಬಟನ್ ಇಟ್ಟರೆ ಮನೆಯವರು ಏನು ಒತ್ತಬೇಕು? ಕರೆಂಟಿನ ಸ್ಕ್ರೀನ್‌ಗೆ ಮೂರು ಸ್ಥಿತಿ ಬೇಕಾಯಿತು, ನೀರಿನ ಸ್ಕ್ರೀನ್‌ಗೆ ಅದರ ಸಂಬಂಧವೇ ಇಲ್ಲ. ಆಸ್ತಿ ತೆರಿಗೆಯದ್ದು ಇನ್ನೊಂದು ಕಥೆ. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ ಶೇಕಡ 5 ರಿಯಾಯಿತಿ, ಬೇಡವೆಂದರೆ ಎರಡು ಕಂತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳಾದವು. ಹಣ ಯಾರಿಗೆ ಸಲ್ಲುತ್ತಿದೆ ಎಂದು ತೋರಿಸುವ ಸಾಲು ಈ ಒಂದೇ ಸ್ಕ್ರೀನಿನಲ್ಲಿ ಬದಲಾಗಬೇಕು. ಅತ್ತ ಜಲಮಂಡಳಿ 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಿಂದ ದರ ಏರಿಸಿತು. ಮೂರು ಸ್ಕ್ರೀನ್‌ಗಳ ಹಿಂದೆ ಮೂರು ಕಚೇರಿ, ಮೂರು ಕಾನೂನು, ಮೂರು ಕ್ಯಾಲೆಂಡರ್. ಮೊದಲ ದಿನ ಒಂದೇ ಥರ ಕಂಡದ್ದು ಬರೀ ಕಾಕತಾಳೀಯ.

ತಂತ್ರಾಂಶದ ಚಿಂತಕರು ಈ ಮಾತನ್ನು ಹಿಂದೆಯೇ ಹೇಳಿದ್ದಾರೆ. ಡೇವಿಡ್ ಪಾರ್ನಾಸ್ 1972ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಪ್ರೋಗ್ರಾಮನ್ನು ಭಾಗ ಮಾಡುವಾಗ ಮುಂದೆ ಬದಲಾಗಬಹುದಾದ ನಿರ್ಧಾರಗಳನ್ನು ಗುರುತಿಸಿ ಒಂದೊಂದನ್ನೂ ಒಂದೊಂದು ಭಾಗದೊಳಗೆ ಮುಚ್ಚಿಡಬೇಕು ಎಂದು ವಾದಿಸಿದರು. ಬರೆದದ್ದನ್ನು ಮತ್ತೆ ಬರೆಯಬೇಡಿ ಎಂಬ ಸೂತ್ರ ಜನಪ್ರಿಯವಾದದ್ದು ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ 1999ರಲ್ಲಿ ಬರೆದ ಪುಸ್ತಕದಿಂದ. ಅವರು ಹೇಳಿದ್ದು ತಿಳಿವಳಿಕೆಯ ಪುನರಾವರ್ತನೆಯ ಬಗ್ಗೆ, ಅಕ್ಷರಗಳ ಪುನರಾವರ್ತನೆಯ ಬಗ್ಗೆ ಅಲ್ಲ. ಅದೇ ವರ್ಷ ಬಂದ ಮಾರ್ಟಿನ್ ಫೌಲರ್ ಅವರ ‘ರಿಫ್ಯಾಕ್ಟರಿಂಗ್’ ಪುಸ್ತಕದಲ್ಲಿ ಮೂರನೆಯ ಸಲ ಬರೆಯಬೇಕಾಗಿ ಬಂದಾಗ ಒಂದುಗೂಡಿಸಿ ಎಂಬ ಸಲಹೆ ಇದೆ. ಸ್ಯಾಂಡಿ ಮೆಟ್ಜ್ ಇನ್ನೂ ಮುಂದೆ ಹೋಗಿ, ತಪ್ಪಾಗಿ ಒಂದುಗೂಡಿಸುವುದಕ್ಕಿಂತ ಎರಡು ಸಲ ಬರೆಯುವುದೇ ಅಗ್ಗ ಎನ್ನುತ್ತಾರೆ. ನಾನು ಅವರ ಪಕ್ಷ. ಎರಡು ಕಡೆ ಬರೆದದ್ದನ್ನು ಮುಂದೆ ಒಂದು ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಹನ್ನೆರಡು ಸ್ಕ್ರೀನ್‌ಗಳು ನೆಚ್ಚಿಕೊಂಡ ಒಂದು ಲೇಔಟನ್ನು ಬಿಡಿಸುವುದಕ್ಕೆ ವಾರಗಳೇ ಬೇಕು.

ನಾವಿರುವ ಬಡಾವಣೆಗಳೇ ಇದಕ್ಕೆ ಒಳ್ಳೆಯ ನಿದರ್ಶನ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ ರೂಪುಗೊಂಡಾಗ ಮೇನ್, ಕ್ರಾಸ್, ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಎಂಬ ಒಂದೇ ಕ್ರಮವನ್ನು ಎಲ್ಲ ಕಡೆ ಬಳಸಿದರು. ರಸ್ತೆ, ಚರಂಡಿ, ಗಾಳಿ ಬೆಳಕಿನ ಪ್ರಶ್ನೆ ಎಲ್ಲರಿಗೂ ಒಂದೇ ಆದ್ದರಿಂದ ಅವು ಹಂಚಿಕೆಯ ಭಾಗ. ನಿವೇಶನದೊಳಗೆ ಯಾರು ಹೆಂಚಿನ ಮನೆ ಕಟ್ಟಿದರು, ಯಾರು ಮುಂದೆ ಅಂಗಡಿ ತೆಗೆದರು ಎಂಬುದು ಅವರವರ ಪಾಲಿನದು. ಅದಕ್ಕೇ ನೂರಿಪ್ಪತ್ತು ವರ್ಷ ಕಳೆದು ಮನೆಗಳೆಲ್ಲ ಬದಲಾದರೂ ಮಲ್ಲೇಶ್ವರದ ಎಂಟನೇ ಕ್ರಾಸ್ ಎಂಟನೇ ಕ್ರಾಸ್ ಆಗಿಯೇ ಉಳಿದಿದೆ.

ಹಂಚಿಕೆ ಒಂದು ಆ್ಯಪ್‌ನ ಸ್ಕ್ರೀನ್‌ಗಳ ನಡುವೆ ಮುಗಿಯಬೇಕಿಲ್ಲ, ಆ್ಯಪ್‌ಗಳ ನಡುವೆಯೂ ನಡೆಯುತ್ತದೆ. ಇದಕ್ಕೆ ನಮ್ಮೂರಿನಲ್ಲೇ ಎಲ್ಲರೂ ತೆರೆದು ನೋಡಬಹುದಾದ ಉದಾಹರಣೆ ‘ನಮ್ಮ ಯಾತ್ರಿ’. ಆಟೊ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ ಸೇರಿ 2022ರ ನವೆಂಬರಿನಲ್ಲಿ ಆರಂಭಿಸಿದ ಸೇವೆ ಇದು. ಗಾಂಧಿ ಬಜಾರಿನಲ್ಲಿ ನಿಂತು ಆಟೊ ಕರೆಯುವವರ ಕೈಯಲ್ಲಿ ಒಂದು ಆ್ಯಪ್, ಆಟೊ ಓಡಿಸುವವರ ಹ್ಯಾಂಡಲ್ ಮುಂದೆ ಇನ್ನೊಂದು. ಇದರ ಕೋಡ್ ಸಾರ್ವಜನಿಕವಾಗಿದ್ದು, ಪ್ಯೂರ್‌ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಮುಂಭಾಗದಲ್ಲಿ ಗ್ರಾಹಕರದ್ದು, ಚಾಲಕರದ್ದು, ಎರಡಕ್ಕೂ ಸಾಮಾನ್ಯವಾದದ್ದು ಎಂದು ಬೇರೆ ಬೇರೆ ಫೋಲ್ಡರ್‌ಗಳಿವೆ. ಮುಖ್ಯ ಬಟನ್, ಶೀರ್ಷಿಕೆ, ಎದುರು ಮೂಡುವ ಪಾಪ್‌ಅಪ್ ಪೆಟ್ಟಿಗೆಯಂಥವು ಎರಡೂ ಕಡೆ ಬೇಕಾಗುತ್ತವೆ. ಸವಾರಿಯ ಸ್ಕ್ರೀನ್‌ಗಳು ಬೇರೆ ಬೇರೆಯೇ ಇರಬೇಕು: ಪ್ರಯಾಣಿಕ ಕುಳಿತು ನಿಧಾನವಾಗಿ ನೋಡುತ್ತಾನೆ, ಚಾಲಕ ಬಿಸಿಲಿನಲ್ಲಿ, ಗಾಡಿ ಓಡುತ್ತಿರುವಾಗ, ಕ್ಷಣ ಮಾತ್ರ ಕಣ್ಣು ಹಾಯಿಸುತ್ತಾನೆ. ಕೋಲ್ಕತ್ತದ ಯಾತ್ರಿ ಸಾಥಿ ಕೂಡ ಇದೇ ಕುಟುಂಬದ ಆ್ಯಪ್. ಊರು ಬದಲಾದಾಗ ಬಣ್ಣ, ಭಾಷೆ, ದರದ ನಿಯಮ ಬದಲಾಗುತ್ತವೆ, ಸವಾರಿ ಕರೆದು ಮುಗಿಸುವ ಹರಿವು ಉಳಿಯುತ್ತದೆ. ಆ್ಯಪ್ ಕಲಿಯುವ ವಿದ್ಯಾರ್ಥಿಗಳಿಗೆ ವಿದೇಶದ ಮಾದರಿ ಕೋಡ್‌ಗಿಂತ ಮೊದಲು ಇದನ್ನು ಓದಲು ಹೇಳುತ್ತೇನೆ. ತಾವೇ ದಿನವೂ ಬಳಸುವ ಸ್ಕ್ರೀನಿನ ಹಿಂದೆ ಏನಿದೆ ಎಂದು ನೋಡುವ ಅವಕಾಶ ಎಲ್ಲರಿಗೂ ಸಿಗುವಂಥದ್ದಲ್ಲ.

ಇನ್ನೂ ಒಂದು ಹೆಜ್ಜೆ ಆಚೆಗೆ ಸರ್ವರ್‌ನಿಂದಲೇ ಲೇಔಟ್ ಕಳಿಸುವ ಪದ್ಧತಿ ಇದೆ. ಬೆಂಗಳೂರಿನ ಫ್ಲಿಪ್‌ಕಾರ್ಟ್ ‘ಪ್ರೋಟಿಯಸ್’ ಎಂಬ ಮುಕ್ತ ಲೈಬ್ರರಿಯನ್ನೇ ಇದಕ್ಕಾಗಿ ಹೊರತಂದಿತು. ಎಕ್ಸ್ಎಂಎಲ್ ಬದಲು ಜೇಸನ್‌ನಲ್ಲಿ ಲೇಔಟ್ ಬರುತ್ತದೆ, ಫೋನು ಅದನ್ನು ಅಲ್ಲೇ ಓದಿ ಕಟ್ಟಿಕೊಳ್ಳುತ್ತದೆ. ಹಬ್ಬದ ಮಾರಾಟದ ದಿನ ಮುಖಪುಟ ಬದಲಿಸಲು ಹೊಸ ಆವೃತ್ತಿ ಬಿಡಬೇಕಿಲ್ಲ. ದಿನಕ್ಕೊಂದು ರೂಪ ಬೇಕಾದ ಅಂಗಡಿಗೆ ಇದು ಸರಿ. ವರ್ಷಕ್ಕೆರಡು ಸಲ ಬದಲಾಗುವ ಬಿಲ್ ಆ್ಯಪ್‌ಗೆ ಇದು ಭಾರ. ಹಳೆಯ ಆವೃತ್ತಿಯ ಫೋನಿಗೆ ಗೊತ್ತಿಲ್ಲದ ತುಣುಕು ಸರ್ವರ್‌ನಿಂದ ಬಂದರೆ ಏನು ತೋರಿಸಬೇಕು ಎಂಬುದಕ್ಕೇ ಒಂದು ಟೀಮ್ ಬೇಕಾಗುತ್ತದೆ.

ಇಲ್ಲಿಯವರೆಗಿನ ಚರ್ಚೆ ಯಾವ ಊರಿಗೂ ಸಲ್ಲುತ್ತದೆ. ನಮಗೆ ಮಾತ್ರ ಎದುರಾಗುವ ಪ್ರಶ್ನೆ ಇನ್ನು ಶುರು. ಹಂಚಿಕೆಯ ಲೇಔಟನ್ನು ಬಹುತೇಕ ಇಂಗ್ಲಿಷ್ ಪದಗಳನ್ನಿಟ್ಟು ರೂಪಿಸುತ್ತಾರೆ. ಕನ್ನಡ ಕೊನೆಗೆ, ಅನುವಾದದ ಕಡತವಾಗಿ ಬಂದು ಸೇರುತ್ತದೆ. ಒಂದು ಸ್ಕ್ರೀನಿನಲ್ಲಿ ಆದ ತಪ್ಪು ಒಂದು ಸ್ಕ್ರೀನಿಗೆ ಸೀಮಿತ, ಹಂಚಿಕೆಯ ಲೇಔಟ್‌ನಲ್ಲಿ ಆದ ತಪ್ಪು ಎಲ್ಲೆಡೆ ಹರಡುತ್ತದೆ. ಆದ್ದರಿಂದ ಹಂಚಿಕೆ ಹೆಚ್ಚಿದಷ್ಟೂ ಕನ್ನಡದ ಬಗೆಗಿನ ಹೊಣೆಯೂ ಹೆಚ್ಚುತ್ತದೆ.

ಮೊದಲು ಎತ್ತರ. ಇಂಗ್ಲಿಷ್ ಅಕ್ಷರಗಳು ಸಾಲಿನ ಕೆಳಗೆ ಸ್ವಲ್ಪವೇ ಇಳಿಯುತ್ತವೆ. ನಮ್ಮ ಒತ್ತಕ್ಷರ ಪೂರ್ತಿ ಒಂದು ಅಂತಸ್ತು ಕೆಳಗಿರುತ್ತದೆ, ‘ರಾಷ್ಟ್ರೀಯ’, ‘ಸ್ತ್ರೀ’ ಎಂಬಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಶೀರ್ಷಿಕೆ ಪಟ್ಟಿಗೋ ಬಟನ್‌ಗೋ ಎತ್ತರವನ್ನು ಅಂಕಿಯಲ್ಲಿ ಕಟ್ಟಿಹಾಕಿದ್ದರೆ ಆ ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೆ. ಆಂಡ್ರಾಯ್ಡ್ ಬಹಳ ಕಾಲ ಇದಕ್ಕೊಂದು ಹೊಂದಾಣಿಕೆ ಮಾಡಿಕೊಂಡಿತ್ತು: ‘ನೋಟೊ ಸಾನ್ಸ್ ಕನ್ನಡ ಯುಐ’ ಎಂಬ ಪ್ರತ್ಯೇಕ ಫಾಂಟ್‌ನಲ್ಲಿ ಅಕ್ಷರಗಳನ್ನು ಇಂಗ್ಲಿಷ್ ಸಾಲಿನ ಎತ್ತರಕ್ಕೆ ಒಗ್ಗುವಂತೆ ಅಮುಕಿದ್ದರು. 2014ರ ಆಂಡ್ರಾಯ್ಡ್ 5.0ರಲ್ಲಿ ‘ಎಲಿಗಂಟ್ ಟೆಕ್ಸ್ಟ್ ಹೈಟ್’ ಎಂಬ ಆಯ್ಕೆ ಬಂತು, ಬೇಕಾದವರು ಅಮುಕದ ಅಕ್ಷರ ಪಡೆಯಬಹುದಿತ್ತು. ಬೇಕೆಂದು ಕೇಳಿದವರು ಕಡಿಮೆ. ಆಂಡ್ರಾಯ್ಡ್ 15ರಲ್ಲಿ ಅದು ತಾನಾಗಿ ಜಾರಿಗೆ ಬರುವಂತಾಯಿತು. ಹೀಗೆ ಪರಿಣಾಮಕ್ಕೊಳಗಾಗುವ ಲಿಪಿಗಳೆಂದು ಗೂಗಲ್ ಕೊಟ್ಟ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳಗಳ ಜೊತೆ ಕನ್ನಡವೂ ಇದೆ. ಓದುಗರಿಗೆ ಇದು ದೊಡ್ಡ ಉಪಕಾರ. ಎತ್ತರ ಕಟ್ಟಿಹಾಕಿದ್ದ ಆ್ಯಪ್‌ಗಳಲ್ಲಿ ಮಾತ್ರ, ಅಂಚಿನ ಬದಲಾವಣೆ ಬಂದ ಹೊತ್ತಿಗೇ, ಅಕ್ಷರಗಳೂ ಉಕ್ಕಿ ಹೊರಬಂದವು. ಹಂಚಿಕೆಯ ಲೇಔಟ್‌ನಲ್ಲಿ ಕನಿಷ್ಠ ಎತ್ತರ ಹೇಳಬೇಕು, ನಿಖರ ಎತ್ತರ ಹೇಳಬಾರದು. ಇದೊಂದು ಶಿಸ್ತು ಪಾಲಿಸಿದ್ದವರಿಗೆ ಆ ದಿನ ಏನೂ ಆಗಲಿಲ್ಲ.

ಎರಡನೆಯದು ವಾಕ್ಯ. ಹಂಚಿಕೆಯ ಲೇಔಟ್ ಜೊತೆ ಹಂಚಿಕೆಯ ವಾಕ್ಯವೂ ನುಸುಳುತ್ತದೆ, ಕನ್ನಡ ಕೆಡುವುದು ಇಲ್ಲೇ ಹೆಚ್ಚು. ಒಂದು ಸಾಮಾನ್ಯ ಪಾವತಿ ಪೆಟ್ಟಿಗೆಯಲ್ಲಿ ಖಾಲಿ ಜಾಗ ಬಿಟ್ಟು ಅದರ ಮುಂದೆ ‘ಅನ್ನು ಪಾವತಿಸಿ’ ಎಂದು ಬರೆದಿಟ್ಟರೆ, ‘ಬಿಲ್ ಅನ್ನು’ ಎಂಬುದು ಹೇಗೋ ನಡೆಯುತ್ತದೆ. ‘ತೆರಿಗೆ’ ಬಂದು ಕೂತಾಗ ‘ತೆರಿಗೆಅನ್ನು’, ‘ಶುಲ್ಕ’ ಬಂದಾಗ ‘ಶುಲ್ಕಅನ್ನು’. ತೆರಿಗೆಯನ್ನು, ಶುಲ್ಕವನ್ನು ಎನ್ನಲು ಕನ್ನಡ ಬಲ್ಲ ಮಗುವಿಗೂ ಬರುತ್ತದೆ, ಆ ಪೆಟ್ಟಿಗೆಗೆ ಬರುವುದಿಲ್ಲ. ಮರ್ಯಾದೆಯ ಪ್ರಶ್ನೆಯೂ ಇದೆ. ‘ಬಂದಿದೆ’ ಎಂದು ಮುಗಿಯುವ ಒಂದು ಸೂಚನೆಯನ್ನು ಆಟೊಗೂ ಚಾಲಕರಿಗೂ ಬಳಸಿದರೆ ‘ನಿಮ್ಮ ಆಟೊ ಬಂದಿದೆ’ ಸರಿಯಾಗುತ್ತದೆ, ‘ನಿಮ್ಮ ಚಾಲಕ ಬಂದಿದೆ’ ಎಂಬುದು ಮನುಷ್ಯನಿಗೆ ಮಾಡುವ ಅವಮಾನ. ಸಂಖ್ಯೆಯಲ್ಲೂ ಒಂದು ಗುಂಡಿ ಇದೆ. ಭಾಷೆಗಳ ಏಕವಚನ-ಬಹುವಚನಗಳಿಗೆ ಯೂನಿಕೋಡ್‌ನವರ ಸಿಎಲ್‌ಡಿಆರ್ ದತ್ತಾಂಶದಲ್ಲಿ ನಿಯಮಗಳಿವೆ. ಕನ್ನಡದಲ್ಲಿ 1ರ ಜೊತೆ 0 ಕೂಡ ‘ಒಂದು’ ಎಂಬ ವರ್ಗಕ್ಕೇ ಸೇರುತ್ತದೆ. ಇದು ಗೊತ್ತಿಲ್ಲದೆ ಆ ವರ್ಗದಲ್ಲಿ ‘ಒಂದು ಬಿಲ್ ಬಾಕಿ ಇದೆ’ ಎಂದು ಅಕ್ಷರದಲ್ಲೇ ಬರೆದಿಟ್ಟರೆ, ಎಲ್ಲ ಕಟ್ಟಿ ಮುಗಿಸಿದವರಿಗೂ ಒಂದು ಬಾಕಿ ಇದೆ ಎಂದು ಆ್ಯಪ್ ಹೇಳುತ್ತದೆ. ಇವೆಲ್ಲಕ್ಕೂ ಮದ್ದು ಒಂದೇ. ಪೆಟ್ಟಿಗೆಯ ಜಾಗ, ಬಣ್ಣ, ಬಟನ್ ಹಂಚಿಕೊಳ್ಳಿ. ಅದರೊಳಗಿನ ಮಾತನ್ನು ಪ್ರತಿ ಸ್ಕ್ರೀನ್ ತನ್ನ ಪೂರ್ತಿ ವಾಕ್ಯವಾಗಿ ತಂದು ಕೊಡಲಿ. ನಾಲ್ಕು ವಾಕ್ಯ ಹೆಚ್ಚು ಬರೆಯುವುದು ಇಲ್ಲಿ ಪುನರಾವರ್ತನೆಯಲ್ಲ.

ಮೂರನೆಯದು ಯಾರು ಬಳಸುತ್ತಾರೆ ಎಂಬುದು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಿವೃತ್ತರಾದವರು ಬಹಳ. ಮಕ್ಕಳು ಹೊರದೇಶದಲ್ಲಿರುತ್ತಾರೆ, ಬಿಲ್ ಕಟ್ಟುವ ಕೆಲಸ ಇವರದೇ. ಅಕ್ಷರ ದೊಡ್ಡದು ಮಾಡಿಕೊಂಡು, ಕನ್ನಡಕ ಏರಿಸಿ ಫೋನ್ ಹಿಡಿಯುತ್ತಾರೆ. ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇಕಡ 200ರವರೆಗೆ ಹಿಗ್ಗಿಸಬಹುದು. ಇಂಥವರಿಗೆ ಹಂಚಿಕೆಯ ಚೌಕಟ್ಟಿನಿಂದ ಆಗುವ ಒಳಿತನ್ನು ಎಂಜಿನಿಯರ್‌ಗಳು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಂದಕ್ಕೆ ಹೋಗುವ ಬಾಣ, ಸಹಾಯದ ಗುರುತು ಎಲ್ಲ ಸ್ಕ್ರೀನ್‌ನಲ್ಲೂ ಅದದೇ ಜಾಗದಲ್ಲಿದ್ದರೆ ಒಮ್ಮೆ ಕಲಿತದ್ದು ಕೊನೆತನಕ ಕೈಹಿಡಿಯುತ್ತದೆ. 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಮಾನದಂಡ, ಸಹಾಯ ಎಲ್ಲೆಡೆ ಒಂದೇ ಕ್ರಮದಲ್ಲಿ ಸಿಗಬೇಕು ಎಂಬುದನ್ನು ಹೊಸ ನಿಯಮವಾಗಿಯೇ ಸೇರಿಸಿತು. ಆದರೆ ಶೇಕಡ 200ರ ಅಕ್ಷರದಲ್ಲಿ, ಕನ್ನಡದಲ್ಲಿ, ಕೆಳಗಿನ ಪಟ್ಟಿಯಲ್ಲಿ ಐದು ಹೆಸರು ಹಿಡಿಸುವುದಿಲ್ಲ. ಚೌಕಟ್ಟು ಬರೆದವರು ಇದನ್ನು ಮೊದಲ ವಾರದಲ್ಲೇ ನೋಡಿದ್ದರೆ ನಾಲ್ಕಕ್ಕೆ ಇಳಿಸುತ್ತಿದ್ದರು. ಮೂವತ್ತು ಸ್ಕ್ರೀನ್ ಆದಮೇಲೆ ನೋಡಿದರೆ ಐದನೆಯದನ್ನು ಎಲ್ಲಿಡುವುದು ಎಂದು ಯಾರಿಗೂ ತಿಳಿಯದು.

ಪರೀಕ್ಷೆಗೆ ಆಂಡ್ರಾಯ್ಡ್‌ನಲ್ಲಿ ಹುಸಿ ಭಾಷೆಗಳ ಸೌಲಭ್ಯ ಇದೆ. ಇಂಗ್ಲಿಷ್ ಪದಗಳನ್ನೇ ಉದ್ದ ಮಾಡಿ, ಅಕ್ಷರಗಳ ಮೇಲೆ ಗುರುತುಗಳನ್ನಿಟ್ಟು ತೋರಿಸುವುದು ಒಂದು, ಬಲದಿಂದ ಎಡಕ್ಕೆ ಓಡಿಸುವುದು ಇನ್ನೊಂದು. ಉದ್ದದ ತೊಂದರೆ ಇದರಿಂದ ಬಯಲಾಗುತ್ತದೆ. ಒತ್ತಕ್ಷರದ ಆಳವಾಗಲಿ ವಿಭಕ್ತಿಯ ಎಡವಟ್ಟಾಗಲಿ ಬಯಲಾಗುವುದಿಲ್ಲ. ಅವಕ್ಕೆ ಕನ್ನಡವನ್ನೇ ಇಟ್ಟು ನೋಡಬೇಕು, ಅದೇನು ಹೆಚ್ಚಿನ ಕೆಲಸವಲ್ಲ. ಕಂಪೋಸ್‌ನಲ್ಲಿ ಪ್ರತಿ ತುಣುಕಿನ ಮುನ್ನೋಟಕ್ಕೆ ಭಾಷೆಯನ್ನೂ ಅಕ್ಷರದ ಅಳತೆಯನ್ನೂ ಕೊಡಬಹುದು. ಭಾಷೆ ಕನ್ನಡ, ಅಳತೆ ಎರಡು ಪಟ್ಟು, ಪರದೆ ಚಿಕ್ಕದು ಎಂದು ಒಮ್ಮೆ ಬರೆದು ಅದಕ್ಕೊಂದು ಹೆಸರಿಟ್ಟರೆ, ಆ ಒಂದು ಹೆಸರನ್ನು ಹಂಚಿಕೆಯ ಎಲ್ಲ ತುಣುಕುಗಳ ತಲೆಯ ಮೇಲೂ ಹಾಕಬಹುದು. ಹೊಸ ಟೀಮ್ ಕಟ್ಟಿದರೆ ಶೀರ್ಷಿಕೆ ಪಟ್ಟಿ ಬರೆಯುವ ಮೊದಲು ನಾನು ಬರೆಸುವುದು ಈ ನಾಲ್ಕು ಸಾಲುಗಳನ್ನೇ. ಮಾದರಿ ಪದವಾಗಿ ‘ಶೀರ್ಷಿಕೆ’ ಎಂದು ಹಾಕಬೇಡಿ, ‘ರಾಷ್ಟ್ರೀಯ ಸ್ತ್ರೀಶಕ್ತಿ ಪ್ರಾಧಿಕಾರ’ ಎಂದು ಹಾಕಿ ಎನ್ನುತ್ತೇನೆ. ಅಂಥ ಇಲಾಖೆ ಇಲ್ಲದಿರಬಹುದು, ಅದರ ಒತ್ತುಗಳು ಪೂರ್ತಿ ಕಾಣುವ ಪಟ್ಟಿಯಲ್ಲಿ ಉಳಿದ ಎಲ್ಲ ಇಲಾಖೆಗಳ ಹೆಸರೂ ಕಾಣುತ್ತವೆ.